ಬೀಗ ಬಿದ್ದ ಮನೆಯ ಮುಂದಿನ ರಂಗೋಲಿ

ಮಾರ್ಗಳಿ, ಅಂದರೆ ಧನುರ್ಮಾಸ, ಶುರುವಾಗಿ ಆರನೆಯ ಬೆಳಿಗ್ಗೆ ಎದುರುಮನೆಯ ಹೊಸ್ತಿಲ ಮುಂದೆ ರಂಗೋಲಿ ಇತ್ತು. ಆ ಮನೆಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಅಲ್ಲಿ ಒಬ್ಬಳೇ ಇದ್ದ ಅಜ್ಜಿ ದೀಪಾವಳಿ ಕಳೆದ ವಾರ ತೀರಿಕೊಂಡಿದ್ದಳು. ಸಾವಾದ ಮನೆಯ ಮುಂದೆ ವರ್ಷ ತುಂಬುವವರೆಗೆ ನಮ್ಮೂರಲ್ಲಿ ಯಾರೂ ರಂಗೋಲಿ ಹಾಕುವುದಿಲ್ಲ. ಮಾರ್ಗಳಿಯಲ್ಲಿ ಬೀದಿಯೆಲ್ಲ ಬೆಳ್ಳಗಾದಾಗ ಅಂಥ ಮನೆಯ ಮುಂದೆ ಮಾತ್ರ ಮಣ್ಣು ಬರಿದಾಗಿ ಕಾಣುತ್ತದೆ.

ರಂಗೋಲಿ ಚಿಕ್ಕದು. ಒಂಬತ್ತು ಚುಕ್ಕಿ, ಅವನ್ನು ಸುತ್ತಿ ಬಂದ ಒಂದೇ ಎಳೆ. ಅಜ್ಜಿ ಬದುಕಿದ್ದಾಗ ದಿನಾ ಹಾಕುತ್ತಿದ್ದದ್ದು ಇದನ್ನೇ. ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣದ ಅವಳು ಬೆರಳಿನಲ್ಲಿ ಅಳೆದು ಚುಕ್ಕಿ ಇಡುತ್ತಿದ್ದಳು. ಅಂಗಡಿಯ ಪುಡಿ ಮುಟ್ಟುತ್ತಿರಲಿಲ್ಲ, ಅಕ್ಕಿಹಿಟ್ಟೇ ಆಗಬೇಕಿತ್ತು. ಇದೂ ಅಕ್ಕಿಹಿಟ್ಟು. ಇರುವೆಗಳು ಆಗಲೇ ಬಂದಿದ್ದವು. ಎಳೆಯ ಮೇಲೇ ಸಾಲಾಗಿ ನಡೆದು, ಬೀಗ ಹಾಕಿದ ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ಹೋಗುತ್ತಿದ್ದವು.

ಎಲ್ಲವನ್ನೂ ಡೈರಿಯಲ್ಲಿ ಗುರುತು ಹಾಕುವುದು ನನ್ನ ರೂಢಿ. ಇದನ್ನೂ ಹಾಕಿಕೊಂಡೆ.

ಆ ವರ್ಷ ನಾನು ಎಣಿಸುತ್ತಿದ್ದದ್ದು ಬೇರೆಯದೇ. ಅಣ್ಣನ ಮಗಳಿಗೆ ಎಂಟು ವರ್ಷ. ಬರೆದದ್ದು, ಜಡೆ, ಗುಡಿಸಿದ ಅಂಗಳ, ತಟ್ಟೆ ತೊಳೆದದ್ದು, ಎಲ್ಲಕ್ಕೂ ಅವಳದು ಒಂದೇ ಪ್ರಶ್ನೆ, "ಚೆಂದಾಗೈತಾ?" ಸೂಪರ್ ಎಂದರೆ ಇನ್ನೊಬ್ಬರನ್ನು ಕೇಳಲು ಓಡುತ್ತಿದ್ದಳು. ಉತ್ತರ ಬರದಿದ್ದರೆ ಹಾಳೆ ಹರಿಯುತ್ತಿದ್ದಳು. ಅತ್ತಿಗೆ ಅವಳ ರಂಗೋಲಿಯ ಫೋಟೋ ಸ್ಟೇಟಸ್‌ಗೆ ಹಾಕಿದರೆ, ಎಷ್ಟು ಜನ ಹಾರ್ಟ್ ಹಾಕಿದ್ದಾರೆಂದು ಫೋನ್ ಹಿಡಿದೇ ಕೂರುತ್ತಿದ್ದಳು. ಕಡಿಮೆ ಬಂದ ದಿನ ಹೋಗಿ ಕಾಲಲ್ಲಿ ಒರೆಸಿಬಿಟ್ಟಳು. ಶಾಲೆಯಲ್ಲಿ ಟೀಚರ್ ರಜೆ ಹಾಕಿದ ದಿನ ಒಂದಕ್ಷರವನ್ನೂ ಬರೆದಿರಲಿಲ್ಲ. ಯಾರೂ ನೋಡದಿದ್ದರೆ ಯಾಕೆ ಬರೀಬೇಕು ಎಂದು ನನ್ನನ್ನೇ ಕೇಳಿದ್ದಳು. ನಾನು ಆಗ ದಿನಾ ಧರ್ಮಪುರಿಗೆ ಹೋಗಿ ಬಂದು ಬಿ.ಎಡ್. ಓದುತ್ತಿದ್ದೆ. ಅವಳು ಕೇಳಿದಾಗಲೆಲ್ಲ ಡೈರಿಯಲ್ಲಿ ಒಂದು ಗೆರೆ ಎಳೆದು, ತಿಂಗಳಿಂದ ತಿಂಗಳಿಗೆ ಕಡಿಮೆ ಮಾಡಿಸಬೇಕೆಂದಿದ್ದೆ. ಗೆರೆಗಳು ಹೆಚ್ಚುತ್ತಲೇ ಹೋದವು.

ಎದುರುಮನೆ ಅಜ್ಜಿಯ ಹತ್ತಿರ ಮಾತ್ರ ಅವಳ ಪ್ರಶ್ನೆ ಅಲ್ಲಿಗೇ ನಿಲ್ಲುತ್ತಿತ್ತು. "ನಂಗೇನ್ ಕಾಣ್ತೈತೆ? ನೀನೇ ನೋಡೇಳು" ಎನ್ನುತ್ತಿದ್ದಳು ಅಜ್ಜಿ. ಆಗ ಹುಡುಗಿ ತಾನು ಬರೆದದ್ದನ್ನು ತಾನೇ ನೋಡಿ, ಎಲ್ಲಿ ಸರಿ ಇದೆ, ಎಲ್ಲಿ ಸೊಟ್ಟ ಎಂದು ಅಜ್ಜಿಗೆ ಒಪ್ಪಿಸಬೇಕು. ಸೊಟ್ಟ ಇದ್ದರೆ ಇರಲಿ, ನನ್ನ ಬೆನ್ನೂ ಸೊಟ್ಟಗೇ ಇದೆ ಎಂದು ಅಜ್ಜಿ ನಗುತ್ತಿದ್ದಳು. ಅವಳು ಸತ್ತ ಮೇಲೆ ನನ್ನ ಡೈರಿಯ ಗೆರೆಗಳು ಇನ್ನೂ ಹೆಚ್ಚಾದವು.

ರಂಗೋಲಿ ಮತ್ತೆ ಮತ್ತೆ ಬಂತು. ಒಂದು ದಿನ ಬಿಟ್ಟು ಒಂದು ದಿನ, ಮಂಜು ಕರಗುವ ಮೊದಲೇ. ಅದೇ ಚುಕ್ಕಿ, ಅದೇ ಎಳೆ. ಅಜ್ಜಿಯ ಕೈಯೇ ಎಂದಿತು ಬೀದಿ. "ಕಣ್ಣಿಲ್ಲದೋಳ್ಗೆ ಸತ್ಮೇಲೆ ಕಣ್ ಬಂದೈತೆ, ಮೊದ್ಲಿಗಿಂತ ನೀಟಾಗಾಕ್ತಾಳೆ" ಎಂದು ನಲ್ಲಿಯ ಹತ್ತಿರ ಒಬ್ಬಳು ಹೇಳಿದ್ದಕ್ಕೆ ಯಾರೂ ನಗಲಿಲ್ಲ. ಅತ್ತಿಗೆ ಕತ್ತಲಾದ ಮೇಲೆ ಬೀದಿ ಬಾಗಿಲಿಗೆ ಬರುವುದನ್ನೇ ಬಿಟ್ಟಳು. ಅಜ್ಜಿಯ ಮಗ ಶುಕ್ರವಾರ ಸೇಲಂನಿಂದ ಪೂಜಾರಿಯನ್ನು ಕರೆತಂದು ಸತ್ತವಳು ಮತ್ತೆ ಬರದಂತೆ ಹೊಸ್ತಿಲಿಗೆ ಕಟ್ಟು ಹಾಕಿಸುವನೆಂದು ಗೊತ್ತಾಯಿತು. ಅತ್ತಿಗೆಗೆ ಅದೂ ಸಾಲದು. ಮಗಳ ಮೇಲೆ ಆ ಮುದುಕಿಗೆ ಆಸೆಯಿತ್ತು, ಇಲ್ಲಿಟ್ಟುಕೊಂಡರೆ ಬಿಡುವುದಿಲ್ಲ ಎಂದು, ಹುಡುಗಿಯನ್ನು ಕಾರಿಮಂಗಲದ ತವರಿಗೆ ಕಳಿಸಿ ಅಲ್ಲೇ ಶಾಲೆಗೆ ಸೇರಿಸುವುದೆಂದು ನಿಶ್ಚಯಿಸಿದಳು.

ಗುರುವಾರ ನಸುಕಿನಲ್ಲಿ ನನಗೆ ಎಚ್ಚರವಾದಾಗ ಪಕ್ಕದ ಚಾಪೆ ಖಾಲಿ. ಅವ್ವ ಕುರಿಹಟ್ಟಿಗೆ ಹೋಗುವಾಗ ತೆಗೆದಿಟ್ಟ ಬಾಗಿಲು ಹಾಗೇ ಇತ್ತು. ಬೀದಿಯಲ್ಲಿ ಮಂಜು, ಕರೆಂಟ್ ಇರಲಿಲ್ಲ. ಎದುರು ಜಗಲಿಯ ಕಡೆಯಿಂದ ಮೆಲ್ಲಗೆ ಮಾತು ಕೇಳಿತು.

"ಎಂಗೈತೆ?"

ಆಮೇಲೆ ಇನ್ನೊಂದು ದನಿ, ನಡುವೆ ಉಸಿರು ಸಿಕ್ಕಿಕೊಳ್ಳುವ ಮುದಿ ದನಿ:

"ನಂಗೇನ್ ಕಾಣ್ತೈತೆ? ನೀನೇ ನೋಡೇಳು."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮಂಜು ಸರಿದಾಗ ಕಂಡದ್ದು ನಮ್ಮ ಹುಡುಗಿ. ಬೀಗ ಹಾಕಿದ ಬಾಗಿಲಿಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ನಮ್ಮ ಅಡುಗೆಮನೆಯ ಹಿಟ್ಟಿನ ಡಬ್ಬ. ಬೇರೆ ಯಾರೂ ಇರಲಿಲ್ಲ. ತಲೆ ಓರೆ ಮಾಡಿ ಎಳೆಯನ್ನು ಸುತ್ತಲೂ ನೋಡಿದಳು.

"ಎಡ್ಗಡೆ ಸೊಟ್ಟ," ಎಂದಳು ಬಾಗಿಲಿಗೆ. "ಇರ್ಲಿ. ಮಿಕ್ಕಿದ್ದು ನಂಗಿಷ್ಟ ಆಯ್ತು."

ಕಾದಳು. ಯಾರದೋ ಮಾತು ಕೇಳಿಸಿಕೊಂಡವಳ ಹಾಗೆ ತಲೆಯಾಡಿಸಿ ಎದ್ದಳು.

ನಾನು ಓಡಿ ಬಂದು ಕಣ್ಣು ಮುಚ್ಚಿ ಮಲಗಿದೆ. ಅವಳು ಬಂದು ತಣ್ಣನೆಯ ಪಾದಗಳನ್ನು ನನ್ನ ಕಾಲಿಗೆ ಒತ್ತಿ ಮಲಗಿದಳು. ಚೆಂದ ಇದೆ ಮಗಳೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿಜಕ್ಕೂ ಚೆಂದವಿತ್ತು. ಆದರೆ ಹೇಳಿದರೆ ನಾಳೆಯಿಂದ ಅವಳು ಆ ಪ್ರಶ್ನೆಯನ್ನು ನನ್ನ ಹತ್ತಿರ ತರುತ್ತಾಳೆ. ನುಂಗಿಕೊಂಡೆ.

ಬೆಳಗಾಗುತ್ತಲೇ ಬೀದಿಯಲ್ಲಿ ಗದ್ದಲ. ಅತ್ತಿಗೆ ಅಳುತ್ತ ಹುಡುಗಿಯ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ರಂಗೋಲಿ ಹುಡುಗಿಯದೆಂದು ಹೇಳಿದರೆ ಮೊದಲು ಅವಳಿಗೆ ಏಟು, ಆಮೇಲೆ ದೃಷ್ಟಿ ತೆಗೆಯುವುದು, ಕೊನೆಗೆ ಬಸ್ಸು. ಹೇಳದಿದ್ದರೂ ಬಸ್ಸೇ.

"ಅತ್ತಿಗೆ, ಅದ್ನ ಆಕಿದ್ದು ನಾನು," ಎಂದೆ.

ಅತ್ತಿಗೆಯ ಕೈ ಚೀಲದಲ್ಲೇ ನಿಂತಿತು. "ಸತ್ತೋರ್ ಮನೆ ಮುಂದೆನಾ? ಟೀಚರ್ ಆಗೋಳು ಮಾಡೋ ಕೆಲ್ಸಾನಾ ಇದು?"

ಮೊದಲಿನಿಂದಲೂ ಅಲ್ಲಿ ದಿನಾ ಅಜ್ಜಿಯ ರಂಗೋಲಿ ನೋಡುತ್ತಿದ್ದೆ, ಬರಿದಾಗಿದ್ದದ್ದು ಸಹಿಸಲಾಗಲಿಲ್ಲ ಎಂದೆ. ಮನೆಯವರೂ ಬೀದಿಯವರೂ ಸೇರಿ ಬೈದರು. ಅವ್ವ ಎರಡು ದಿನ ಮಾತು ಬಿಟ್ಟಳು. ಬಟ್ಟೆಗಳು ಮಾತ್ರ ಚೀಲದಿಂದ ಹೊರಗೆ ಬಂದವು.

ಅವತ್ತು ಸಂಜೆ ನಲ್ಲಿಯ ಹತ್ತಿರ, ಕಣ್ಣಿನ ಮಾತಾಡಿದ್ದ ಅದೇ ಹೆಂಗಸು ನನ್ನನ್ನು ಇನ್ನೊಂದು ಸುತ್ತು ಬೈದು, ಕೊನೆಗೆ, "ಏನೇ ಅನ್ನು, ಕೈ ಚೆಂದಾಗೈತೆ ಕಣೆ ನಿಂದು," ಎಂದಳು. ಉಳಿದವರೂ ಹೌದೆಂದರು. ಹುಡುಗಿ ಚಿಕ್ಕ ಕೊಡ ಹಿಡಿದು ಅಲ್ಲೇ ನಿಂತಿದ್ದಳು. ಅವಳಿಗೆ ಸೇರಬೇಕಾದ ಹೊಗಳಿಕೆ ಅವಳ ಎದುರಿಗೇ ನನಗೆ ಬಂದಿತ್ತು. ಅವಳ ಬಾಯಿ ತೆರೆಯಿತು. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡಳು.

"ಅತ್ತೆ, ಎಡ್ಗಡೆ ಸೊಟ್ಟ ಆಗೈತೆ," ಎಂದಷ್ಟೇ ಹೇಳಿ ಮನೆ ಕಡೆ ನಡೆದಳು.

ಶುಕ್ರವಾರ ಅಜ್ಜಿಯ ಮಗ ಒಬ್ಬನೇ ಬಂದ. ಹೊಸ್ತಿಲಿಗೆ ನೀರು ಸುರಿದು, ಪೊರಕೆಯಿಂದ ಉಜ್ಜಿ, ಬೀಗ ಎಳೆದು ನೋಡಿ ಹೋದ. ಗುರುವಾರ ನಸುಕಿನಲ್ಲಿ ಕೇಳಿದ ಆ ಎರಡನೆಯ ದನಿಯೂ ಹುಡುಗಿಯದೇ ಎಂದು ನಾನು ಡೈರಿಯಲ್ಲಿ ಬರೆದಿದ್ದೇನೆ. ಅವಳನ್ನು ಕೇಳಿಲ್ಲ. ಜಡೆ ಚೆಂದ ಇದೆಯೇ ಎಂದು ಅವಳು ಈಗಲೂ ಕೇಳುತ್ತಾಳೆ, ತಟ್ಟೆ ತೊಳೆದದ್ದನ್ನೂ ತೋರಿಸುತ್ತಾಳೆ. ರಂಗೋಲಿಯ ಎಳೆಯ ವಿಷಯ ಮಾತ್ರ ಯಾರನ್ನೂ ಕೇಳುವುದಿಲ್ಲ.

ಶನಿವಾರ ಬೆಳಿಗ್ಗೆ ನಾನು ಹೊರಗೆ ಬಂದಾಗ ಅವಳು ಆ ಬರಿ ಮಣ್ಣಿನ ಮುಂದೆ ಕೂತು ನೋಡುತ್ತಿದ್ದಳು. ಹಿಟ್ಟಿನ ಒಂದು ಕಣವೂ ಅಲ್ಲಿರಲಿಲ್ಲ. ಇರುವೆಗಳು ಮಾತ್ರ ಇದ್ದವು. ಇಲ್ಲದ ಚುಕ್ಕಿಗಳನ್ನು ಸುತ್ತಿ, ಎಡಗಡೆ ಒಂದು ಕಡೆ ಸೊಟ್ಟಗೆ ತಿರುಗಿ, ಸಾಲು ತಪ್ಪದೆ ಬಾಗಿಲ ಕೆಳಗಿನ ಕತ್ತಲಿಗೆ ಹೋಗುತ್ತಿದ್ದವು. ಹುಡುಗಿ ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಕೊಟ್ಟಳು.