ತಿಳಿ ಕುಡಿದು ಗಸಿ ಬಿಟ್ಟದ್ದು

ಹಾಜರಿ ಕೂಗುತ್ತಿದ್ದೆ. ಹದಿನಾರನೆಯ ಹೆಸರು ನಾಗಪ್ಪ. "ನಾಗ" ಎಂದೆ. "ಪ್ಪ" ಬರಲಿಲ್ಲ.

ಒಳಗೆ ಹೋದ ಉಸಿರು ಹೊರಗೆ ಬರಲು ಒಪ್ಪಲಿಲ್ಲ.

ಎದೆಯೊಳಗೆ ಯಾರೋ ಹಳೆಯ ಹಾರ್ಮೋನಿಯಂ ಒತ್ತುತ್ತಿದ್ದರು. ಇದೂ ಪಾಠದ ಭಾಗವೆಂದು ಮಕ್ಕಳು ಗಂಭೀರವಾಗಿ ಕೇಳಿದರು. ಉಳಿದ ಇಪ್ಪತ್ತೆರಡು ಮಂದಿಯನ್ನು ನಂಬಿಕೆಯ ಮೇಲೆ ಹಾಜರೆಂದು ಬರೆದು ಕುರ್ಚಿಯಲ್ಲಿ ಕುಸಿದೆ. ಆಮೇಲೆ ದಿನವೂ ಅದೇ ಪದ್ಧತಿಯಾಯಿತು.

ಸೊರಬದ ಡಾಕ್ಟರು ಸ್ಟೆತಾಸ್ಕೋಪ್ ತೆಗೆದರು.

"ಅಸ್ತಮಾ."

ಮಿಕ್ಸ್ಚರ್ ಬರೆದರು. ಇದಕ್ಕೂ ಬಗ್ಗದಿದ್ದರೆ ಉದ್ದ ರಜೆ ಹಾಕಿ ಶಿಕಾರಿಪುರದ ತಂಗಿಯ ಮನೆಯಲ್ಲಿರಿ, ಅಲ್ಲಿಯದು ಒಣ ಗಾಳಿ ಎಂದರು. ಜಡೆ ಊರಿನ ಹತ್ತಿರದ ನಮ್ಮದು ಒಬ್ಬನೇ ಮೇಷ್ಟ್ರ ಶಾಲೆ. ನಾನು ರಜೆ ಹಾಕಿದರೆ ಶಾಲೆಗೇ ರಜೆ.

ಮೂರು ತಿಂಗಳು ಕುಡಿದೆ. ಹಾರ್ಮೋನಿಯಂ ನಿಲ್ಲಲಿಲ್ಲ. ರಜೆಯ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡೆ.

ಮದ್ದು ತರಲು ನಮ್ಮದೇ ಬಾಟ್ಲಿ ಒಯ್ಯಬೇಕು. ನನ್ನಾಕೆ ಪ್ರತಿಸಲ ಅದನ್ನು ಬೆಳ್ಳಿಯಂತೆ ತೊಳೆದು ಕೊಡುತ್ತಿದ್ದಳು. ಆ ವಾರ ಅವಳು ತೌರಿಗೆ, ಕುಬಟೂರಿಗೆ ಹೋಗಿದ್ದಳು. ತೊಳೆಯದ ಬಾಟ್ಲಿಯನ್ನೇ ಒಯ್ದೆ. ಕಾಂಪೌಂಡರ್ ಬಾಷಾ ಸಾಹೇಬರು ಅದನ್ನು ಬೆಳಕಿಗೆ ಹಿಡಿದರು.

"ತಳದಲ್ಲಿ ಇದೇನ್ರೀ ಮೇಷ್ಟ್ರೇ?"

"ಗಸಿ. ನಾವು ಅದನ್ನ ಕುಡಿಯೋದಿಲ್ಲ."

"ಮತ್ತೇನು ಕುಡೀತೀರಿ?"

"ತಿಳಿ."

ಅವರು ಸ್ಟೂಲಿನ ಮೇಲೆ ಕೂತರು. ನಾನು ವಿವರಿಸಿದೆ. ಕಾಯಿಲೆಯವರಿಗೆ ಸಾರಿನ ತಿಳಿ ಬಸಿದು ಕೊಡುವುದು ನಮ್ಮ ಮನೆಯ ಕ್ರಮ. ಗಸಿ ಹೊಟ್ಟೆಗೆ ಭಾರ. ಆದ್ದರಿಂದ ನನ್ನಾಕೆ ಬಾಟ್ಲಿಯನ್ನು ಅಲುಗದಂತೆ ಗೂಡಿನಲ್ಲಿಟ್ಟು, ಮೇಲಿನದನ್ನು ಮಾತ್ರ ಬಗ್ಗಿಸಿ ಕೊಡುತ್ತಾಳೆ.

"ಗಸಿ ಎಲ್ಲಿ ಚೆಲ್ತಾರೆ?"

"ಬಸಳೆ ಬುಡಕ್ಕೆ."

"ಬಸಳೆ ಹೆಂಗಿದೆ?"

"ಚೆನ್ನಾಗಿ ಹಬ್ಬಿದೆ."

"ಹಬ್ಬದೆ ಇನ್ನೇನು ಮಾಡುತ್ತೆ. ಅದಕ್ಕೆ ಉಸಿರಿನ ತೊಂದರೆ ಇಲ್ಲ ನೋಡಿ."

ಮದ್ದೆಲ್ಲ ಕೂತಿದ್ದದ್ದು ಗಸಿಯಲ್ಲಿ. ಚೆನ್ನಾಗಿ ಅಲ್ಲಾಡಿಸಿ ಕುಡಿಯಬೇಕೆಂದು ಬಾಟ್ಲಿಯ ಚೀಟಿಯಲ್ಲಿ ಬರೆದೇ ಇತ್ತು. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದವನು ನಾನು.

ಸಾಹೇಬರು ನಗಲಿಲ್ಲ. "ಬರೆದು ಅಂಟಿಸಿದೆ, ಬಾಯಿಬಿಟ್ಟು ಹೇಳಲಿಲ್ಲ. ನನ್ನದೂ ತಪ್ಪೇ" ಎಂದರು. ಹೊಸ ಮದ್ದು ತುಂಬಿ, ತಮ್ಮೆದುರೇ ಅಲ್ಲಾಡಿಸಲು ನನಗೆ ಹೇಳಿದರು. ಒಂದು ಡೋಸ್ ಕುಡಿಸಿದರು. ಚೆನ್ನಾಗಿದ್ದ ದಿನವೂ ಬಿಡಬಾರದು, ಜಾಸ್ತಿಯಾದ ದಿನ ಎರಡು ಡೋಸ್ ಒಟ್ಟಿಗೆ ಕುಡಿಯಬಾರದು ಎಂದರು. ಶನಿವಾರ ಶನಿವಾರ ಬಂದು, ಒಂದೇ ಉಸಿರಿಗೆ ಎಷ್ಟು ಎಣಿಸಬಲ್ಲೆ ಎಂದು ಒಪ್ಪಿಸಬೇಕು.

ಮೊದಲ ಶನಿವಾರ ಒಂಬತ್ತು. ನಾಲ್ಕನೆಯದಕ್ಕೆ ಇಪ್ಪತ್ತಮೂರು.

"ಪಾಸು" ಎಂದರು.

ತೌರಿಂದ ಬಂದ ನನ್ನಾಕೆ ವಿಷಯ ಕೇಳಿ ಮೊದಲು ಬಸಳೆಯ ಬುಡ ನೋಡಿ ಬಂದಳು. ಈಗ ಮಜ್ಜಿಗೆ ಕಡೆಯುವವಳಂತೆ ಬಾಟ್ಲಿ ಕುಲುಕುತ್ತಾಳೆ.

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲವಂತೆ. ಮೋಡ ಕವಿದ ಬೆಳಿಗ್ಗೆ ಹಾರ್ಮೋನಿಯಂ ಇನ್ನೂ ಒಂದೆರಡು ಸ್ವರ ನುಡಿಸುತ್ತದೆ. ಆದರೆ ರಜೆಯ ಅರ್ಜಿ ಒಲೆಗೆ ಹೋಯಿತು.

ಕಳೆದ ಸೋಮವಾರ ಹಾಜರಿ ಕೂಗುತ್ತ ನಾಗಪ್ಪನನ್ನು ದಾಟಿದೆ. ಮೂವತ್ತು ದಾಟಿದೆ. ಮೂವತ್ತೆಂಟನೆಯ, ಕಡೆಯ ಹೆಸರು ತಲುಪಿದೆ.

"ಹಾಲಮ್ಮ."

ಉತ್ತರವಿಲ್ಲ.

"ಅವಳು ದೀಪಾವಳಿಯಿಂದ ಬಂದೇ ಇಲ್ಲ ಸಾ" ಎಂದರು ಮಕ್ಕಳು. ನನ್ನ ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ದಿನವೂ ಬಂದಿದ್ದಳು.

ಸಂಜೆ ಅವಳನ್ನು ಕರೆಯಲು ಹೊರಟೆ. ಮನೆ ದಿಬ್ಬದ ಮೇಲಿದೆ. ನಡುವೆ ಎರಡು ಸಲ ನಿಂತೆ. ಆಮೇಲೆ ಬಾಗಿಲಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ, ಅವಳ ಹೆಸರನ್ನು ಪೂರ್ತಿ ಕೂಗಿದೆ.