ಹತ್ತಿ ಮಾವ ಹೊಲಿದ ಹಲಗೆಯ ಚೀಲ

ಹಾಸಿಗೆ ಹೊಲಿಯುವ ಅವನನ್ನು ಬೀದಿಯವರೆಲ್ಲ ಹತ್ತಿ ಮಾವ ಎಂದೇ ಕರೆಯುತ್ತಿದ್ದರು. ಸ್ನಾನ ಮಾಡಿ ಬಂದರೂ ಹುಬ್ಬಿನಲ್ಲಿ ಒಂದೆರಡು ಎಳೆ ಹತ್ತಿ ಇದ್ದೇ ಇರುತ್ತಿತ್ತು. ಮೊಣಕಾಲುದ್ದ ನೀರು ಕಂಡರೂ ಅವನಿಗೆ ಎದೆ ಝಲ್ಲೆನ್ನುತ್ತಿತ್ತು. ಒಬ್ಬಳೇ ಮಗಳಿಗೋ ನೀರೇ ನೆಲ. ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಜೊತೆ ಓಡುವ ವಿಂಡ್‌ಸರ್ಫಿಂಗ್ ಅವಳ ಆಟ.

ಹೋದ ವರ್ಷದ ಪಂದ್ಯಕ್ಕೆ ಹಲಗೆ ಕಟ್ಟಿಕೊಟ್ಟವನು ಇವನೇ. ಹಳೇ ಕಂಬಳಿ ಸುತ್ತಿ ಹಗ್ಗ ಬಿಗಿದಿದ್ದ. ವಿಮಾನದಿಂದ ಇಳಿಸುವಷ್ಟರಲ್ಲಿ ಹಲಗೆಯ ಮೂತಿ ಒಡೆದಿತ್ತು. ಮಗಳು ದಡದಲ್ಲಿ ಕೂತು ಬೇರೆಯವರ ಆಟ ನೋಡಿ ಬಂದಳು. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನ ಮನಸ್ಸು ಎಷ್ಟೋ ಹಗುರವಾಗುತ್ತಿತ್ತು.

ಈ ವರ್ಷ ಮತ್ತೆ ಕರೆ ಬಂದಾಗ ಅವನು ಉಳಿದ ಕೆಲಸವನ್ನೆಲ್ಲ ಬದಿಗಿಟ್ಟ. ಅಂಗಡಿಯ ನೆಲದ ಮೇಲೆ ಹಲಗೆ ಮಲಗಿಸಿ, ಸುತ್ತ ಸೀಮೆಸುಣ್ಣದ ಗೆರೆ ಎಳೆದು, ದಪ್ಪ ಬಟ್ಟೆ ಕತ್ತರಿಸಿ, ಎರಡು ಪದರದ ನಡುವೆ ಹತ್ತಿ ತುಂಬಿ ದಬ್ಬಣದಲ್ಲಿ ಚೀಲ ಹೊಲಿದ. ಮೂತಿಗೆ ಇನ್ನೊಂದು ಹಿಡಿ, ಬಾಲಕ್ಕೆ ಇನ್ನೊಂದು ಹಿಡಿ.

"ಅಪ್ಪ, ಹಲಗೆ ಪಂದ್ಯಕ್ಕೆ ಹೋಗ್ತಿದೆಯೋ, ಬಾಣಂತನಕ್ಕೋ?"

"ನೀನು ಹುಟ್ಟಿದಾಗ್ಲೂ ಇಷ್ಟು ಹತ್ತಿ ಹಾಕಿ ಮಲಗಿಸಿರ್ಲಿಲ್ಲ. ಸುಮ್ನೆ ಆ ತುದಿ ಹಿಡ್ಕೋ."

ಹಲಗೆ, ಸುತ್ತಿದ ಹಾಯಿ, ಬಿಚ್ಚಿ ಎರಡು ಮಾಡಿದ ಹಾಯಿಯ ಕಂಬ, ಎಲ್ಲ ಒಳಗೆ ಹೋಯಿತು.

ವಿಮಾನ ನಿಲ್ದಾಣದ ತಕ್ಕಡಿ ಮೂವತ್ತೇಳು ಕಿಲೋ ತೋರಿಸಿತು. ಮೂವತ್ತೆರಡು ದಾಟಿದರೆ ಅವರು ಎತ್ತುವುದೇ ಇಲ್ಲ.

"ಐದು ಕಿಲೋ ಇಳಿಸ್ಕೊಂಡು ಬನ್ನಿ. ಅರ್ಧ ಗಂಟೇಲಿ ಕೌಂಟರ್ ಮುಚ್ತೀವಿ," ಎಂದಳು ಅಲ್ಲಿದ್ದ ಹುಡುಗಿ.

ಮಗಳು ಅಪ್ಪನ ಮುಖ ನೋಡಿದಳು. "ತೂಕ ನೋಡಿದ್ದೆ ಅಂದ್ಯಲ್ಲ?"

ನೋಡಿದ್ದು ನಿಜ. ಹಲಗೆ ತೂಗಿದ್ದ, ಹಾಯಿ ತೂಗಿದ್ದ, ಕಂಬ ತೂಗಿದ್ದ. ತಾನು ತುಂಬಿದ ಹತ್ತಿಯನ್ನು ಮಾತ್ರ ತೂಗಿರಲಿಲ್ಲ. ನಲವತ್ತು ವರ್ಷ ಹತ್ತಿ ಹೊತ್ತವನಿಗೆ ಅದೂ ಒಂದು ಭಾರ ಎಂದು ಹೊಳೆದೇ ಇರಲಿಲ್ಲ.

"ನಿನ್ನ ಹೊಲಿಗೆ ಬಿಚ್ಚೋಕೆ ಅರ್ಧ ದಿನ ಬೇಕಪ್ಪ," ಎಂದಳು ಮಗಳು.

ಅವನು ಚೀಲದ ಪಕ್ಕ ಮಂಡಿಯೂರಿ ಅಂಚು ತಡವಿದ. ಹಾಸಿಗೆಯವರು ಮೂರು ಬದಿ ಗಟ್ಟಿಯಾಗಿ ಹೊಲಿದು, ನಾಲ್ಕನೆಯ ಬದಿಗೆ ಒಂದೇ ದಾರದ ಸಡಿಲ ಹೊಲಿಗೆ ಹಾಕುತ್ತಾರೆ. ಹತ್ತಿ ಗಂಟುಕಟ್ಟಿದಾಗ ತೆಗೆದು, ಹಿಂಜಿ, ಮತ್ತೆ ತುಂಬಬೇಕಲ್ಲ. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ದಾರದ ತುದಿ ಸಿಕ್ಕಿತು. ಎಳೆದ. ಒಂದು ಬದಿಯಿಡೀ ಸರಸರನೆ ಬಾಯಿಬಿಟ್ಟಿತು.

ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ಇಬ್ಬರೂ ಹತ್ತಿ ಕಿತ್ತು ಗುಡ್ಡೆ ಹಾಕಿದರು.

"ಮೂತಿದು ಮುಟ್ಬೇಡ," ಎಂದ ಅಪ್ಪ. ಖಾಲಿಯಾದ ಪಕ್ಕೆಗಳಿಗೆ ಅವಳ ಟವೆಲು, ಅವನ ಸ್ವೆಟರು ಹೋದವು. ಅಂಗಿಯ ಕಾಲರಿಗೆ ಸದಾ ಚುಚ್ಚಿಕೊಂಡಿರುವ ದಬ್ಬಣಕ್ಕೆ ಅದೇ ದಾರ ಪೋಣಿಸಿ ಬಾಯಿ ಮುಚ್ಚಿದ. ತಕ್ಕಡಿ ಮೂವತ್ತೊಂದೂವರೆಗೆ ನಿಂತಿತು.

ಹೊರಡುವ ಮುಂಚೆ ಮಗಳು ಅವನ ಹುಬ್ಬಿನ ಹತ್ತಿ ತೆಗೆಯಲು ಹೋಗಿ, ಹಾಗೇ ಬಿಟ್ಟಳು.

ಮರುದಿನ ಫೋನು ಬಂತು. ಇವನು ಕ್ಷೇಮವನ್ನೂ ಕೇಳಲಿಲ್ಲ.

"ಮೂತಿ?"

"ನಂದೋ, ಹಲಗೇದೋ?"

"ಎರಡೂ ಹೇಳು."

"ಎರಡೂ ನೆಟ್ಟಗಿವೆ ಅಪ್ಪ. ನಾಳೆ ನೀರಿಗಿಳೀತೀನಿ. ಟವೆಲು ತೆಗೆದ್ಮೇಲೆ ವಾಪಸ್ ಬರುವಾಗ ಚೀಲ ಹೊಲಿಯೋದು ಹೇಗೆ?"

"ದಾರದ ತುದಿ ಎಡಗಡೆ ಮೂಲೇಲಿದೆ. ಇನ್ನೊಂದು ದಬ್ಬಣ ಸ್ವೆಟರಿನ ಜೇಬಲ್ಲಿಟ್ಟಿದ್ದೀನಿ, ಚುಚ್ಕೋಬೇಡ," ಎಂದ ಹತ್ತಿ ಮಾವ.