ಶತ್ರುವಿನ ಹೊಲ

ವಳಕಮದಿನ್ನಿಯ ಮೈಮುನಾಬಿಗೆ ಸರ್ಕಾರ ಕೇಳಿದ್ದು ಒಂದೇ ಮಾತು: ನಿನ್ನ ಗಂಡ ಇದ್ದಾನೋ, ಸತ್ತಿದ್ದಾನೋ? ಸತ್ತ ಅಂದಿದ್ದರೆ ನಾಲ್ಕು ಎಕರೆ ಹೊಲ ಉಳಿಯುತ್ತಿತ್ತು.

ಗಂಡ ಅಲ್ಲಾಭಕ್ಷ್ ನಲವತ್ತೆಂಟರಲ್ಲಿ ನಿಜಾಮನ ರಾಜ್ಯ ಬಿದ್ದ ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಹೆದರಿ ಕರಾಚಿಗೆ ಓಡಿದವನು. ನೆಲೆ ಸಿಕ್ಕ ಮೇಲೆ ಕರೆಸಿಕೊಳ್ಳುತ್ತೇನೆ ಎಂದಿದ್ದ, ಕರೆಸಿಕೊಳ್ಳಲಿಲ್ಲ; ಬದುಕಿದ್ದಾನೆ ಎಂಬ ಸುದ್ದಿಯಷ್ಟೇ ಅವರಿವರಿಂದ ಬಂತು. ಮೈಮುನಾಬಿ ಅವನ ಹೆಸರಿನ ಎರೆಹೊಲದಲ್ಲಿ ಜೋಳ ಬೆಳೆದು ಮಗಳನ್ನು ಸಾಕಿದಳು. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಗ ಆ ಹೊಲ ಯಾರಿಗೂ ಬೇಕಿರಲಿಲ್ಲ. ಕಾಲುವೆ ನೀರು ಬಂದು ಭತ್ತ ತೆನೆ ಬಿಟ್ಟ ಮೇಲೆ ಎಲ್ಲರ ಕಣ್ಣಿಗೂ ಬಿತ್ತು.

ಅಷ್ಟರಲ್ಲಿ ಅರವತ್ತೈದರ ಯುದ್ಧ. ಗುಂಡು ಹಾರಿದ್ದು ಪಂಜಾಬಿನ ಗಡಿಯಲ್ಲಿ. ಆದರೆ ಕೋಣ ಕೋಣ ಗುದ್ದಾಡಿದರೆ ಸಾಯುವುದು ನಡುವಿನ ಗಿಡವೇ. ಯುದ್ಧ ನಿಂತರೂ ಅದು ಹೆತ್ತ ಕಾನೂನು ನಿಲ್ಲಲಿಲ್ಲ. ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯವರಾದವರ ಆಸ್ತಿಯೆಲ್ಲ ಶತ್ರುವಿನ ಆಸ್ತಿ, ಅದು ಸರ್ಕಾರದ ವಶಕ್ಕೆ.

ವಿಚಾರಣೆಗೆ ಸಾಹೇಬರು ಬರುತ್ತಾರೆಂದು ತಿಳಿದಾಗ ಪಕ್ಕದ ಹೊಲದ ದುರುಗಪ್ಪ ಓಡಿ ಬಂದ.

“ಯವ್ವಾ, ಗಂಡ ಯುದ್ಧಕ್ಕಿಂತ ಮೊದ್ಲ ಸತ್ತಾನಂತ ಹೇಳಿಬಿಡು. ಹೊಲ ನಿಮಗ ಉಳೀತೈತಿ. ಊರೆಲ್ಲಾ ಸಾಕ್ಷಿ ಹೇಳ್ತೀವಿ. ಬಳಿ ಒಡದು ಬರಿಗೈಲೆ ಹೋಗಿ ನಿಂದ್ರು, ಸಾಕು.”

“ಉಸಿರಾಡೋ ಗಂಡನ್ನ ನಾನ ಮಣ್ಣು ಮಾಡ್ಲೇನು ದುರುಗಣ್ಣ?”

ಆಕೆ ಮಾಡಿದ್ದೇ ಬೇರೆ. ಮಸ್ಕಿ ಸಂತೆಗೆ ಹೋಗಿ ಎರಡೂ ಕೈತುಂಬ ಹಸಿರು ಬಳೆ ತೊಟ್ಟು ಬಂದಳು. ಹುಚ್ಚಿ! ಆ ಕೈಗಳನ್ನೇ ಮುಂದೆ ಮಾಡಿಕೊಂಡು ಸಾಹೇಬರ ಎದುರು ನಿಂತಳು.

ಸಾಹೇಬರೇನು ಕೆಟ್ಟವರಲ್ಲ. “ಗಂಡ ಇದ್ದಾನೋ ಇಲ್ಲವೋ, ಯೋಚನೆ ಮಾಡಿ ಹೇಳಮ್ಮ” ಎಂದು ದಾರಿಯನ್ನೂ ತೋರಿಸಿದರು.

“ಅದಾನ್ರೀ. ಕರಾಚಿಯಾಗ ಅದಾನ. ದುಶ್ಮನ್ ಅಂತೀರಲ್ರೀ, ಕುರಿ ಕೊಯ್ಯೂ ಮುಂದ ಕಣ್ಣು ಮುಚ್ಕೊಳ್ಳಾಂವ ಅಂವ!”

ಹೊಲ ಹೋಯಿತು. ಸರ್ಕಾರ ಅದನ್ನು ಆಂಧ್ರದಿಂದ ಬಂದು ಕಾಲುವೆ ಬದಿ ಕ್ಯಾಂಪ್ ಹಾಕಿ ನೆಲೆಸಿದ್ದ ರೈತನೊಬ್ಬನಿಗೆ ಗುತ್ತಿಗೆ ಕೊಟ್ಟಿತು. ಮೈಮುನಾಬಿ ಅದೇ ಹೊಲಕ್ಕೆ ಕಳೆ ಕೀಳಲು ಕೂಲಿಗೆ ಹೋದಳು. ಊರಿನವರು ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯದೆ ಅವಳ ಮೇಲೆಯೇ ತೀರಿಸಿದರು: “ಬಳಿ ಉಣ್ಣು ಈಗ!”

ವರ್ಷಗಳು ಕಳೆದವು. ಗಂಡನ ಹಳೆಯ ಗೆಳೆಯ, ಲಿಂಗಸುಗೂರಿನ ಶಾಮೀದಸಾಬ, ಹಜ್ ಮುಗಿಸಿ ಬಂದವನು ಮೈಮುನಾಬಿಯನ್ನು ಹುಡುಕಿಕೊಂಡು ಹೊಲಕ್ಕೇ ಬಂದ. ಬದುವಿನ ಮೇಲೆ ನಿಂತು, ಮುಖ ನೋಡಲಾರದೆ ಮಾತಾಡಿದ.

“ಆಪಾ, ಅಲ್ಲಾಭಕ್ಷ್ ಮಕ್ಕಾದಾಗ ಸಿಕ್ಕಿದ್ದ. ಆರಾಮ ಅದಾನ.”

“ನನ್ನ ಕೇಳಿದ್ನೇನು?”

“ಹೋದ ಹೊಸದಾಗ ಅಲ್ಲಿ ನಿರಾಶ್ರಿತರಿಗೆ ಮನಿ ಕೊಡಾಕತ್ತಿದ್ರಂತ, ಮನ್ಯಾಗಿನ ಮಂದಿ ಸತ್ತೋರಿಗೆ ಮೊದ್ಲು. ಹೆಂಡ್ತಿ ಗದ್ದಲದಾಗ ಸತ್ತಾಳಂತ ಹೇಳಿದ್ನಂತ. ಜಲ್ದಿ ಮನಿ ಸಿಕ್ತಂತ. ಮತ್ತೊಂದು ಲಗ್ನನೂ ಆಗ್ಯಾನ ಆಪಾ.”

ಮೈಮುನಾಬಿ ಕೆಸರಿನಲ್ಲಿ ನಿಂತೇ ಕೈಯೊಳಗಿನ ಕಳೆಯನ್ನು ಬದುವಿಗೆ ಎಸೆದಳು.

“ಮನಿ ಗಟ್ಟಿ ಕಲ್ಲಿಂದೈತೇನು?”

“ಹೌದಂತ.”

“ಚಲೋ ಆತು. ಇಬ್ಬರಾಗ ಒಬ್ಬರಿಗರೆ ಸುಳ್ಳು ಹೇಳಾಕ ಬಂತಲ್ಲ” ಎಂದವಳು ತನ್ನದಲ್ಲದ ಭತ್ತದೊಳಗೆ ಮತ್ತೆ ಬಗ್ಗಿದಳು.